ಮೊದಲ ಲೇಖಕರ ತೋಳು

ಆಕೆಯ ಎಡತೋಳು ನೋಡಿದವರು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಏನಮ್ಮಾ ಇದು, ಕಜ್ಜಿಯಾ?"

ಕಜ್ಜಿಯಲ್ಲ, ಅನ್ನಛತ್ರ. ದಿನ ಬಿಟ್ಟು ದಿನ ಆ ತೋಳನ್ನು ಬಲೆಯ ಪಂಜರದೊಳಗೆ ಇಳಿಬಿಟ್ಟು ನೂರಾರು ಸೊಳ್ಳೆಗಳಿಗೆ ಊಟ ಹಾಕುವುದು ಆಕೆಯ ಕೆಲಸ. ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ತಾಯಿತಂದೆ ಇಟ್ಟ ಹೆಸರೊಂದಿತ್ತು ಅನ್ನುವುದನ್ನು ಎಲ್ಲರೂ ಮರೆತಿದ್ದರು. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯವರ ತನಕ ಎಲ್ಲರ ಬಾಯಲ್ಲೂ ಆಕೆ ಸೊಳ್ಳೆಯಕ್ಕ.

ಸೊಳ್ಳೆಮನೆ ಇದ್ದದ್ದು ಕಟ್ಟಡದ ಹಿಂಬದಿಯಲ್ಲಿ. ಕಿಟಕಿಯಿಲ್ಲದ ಕೋಣೆ. ಬಾಗಿಲು ತೆರೆದರೆ ಒದ್ದೆಬಟ್ಟೆಯ ಬೆಚ್ಚನೆ ಉಸಿರು ಮುಖಕ್ಕೆ ಹೊಡೆಯುತ್ತಿತ್ತು. ಗೋಡೆಯುದ್ದಕ್ಕೂ ತಟ್ಟೆಗಳಲ್ಲಿ ನಿಂತ ನೀರು, ನೀರಿನಲ್ಲಿ ಕೊಂಕುತ್ತ ಏಳುವ ಬೀಳುವ ಮರಿಹುಳುಗಳು, ಮೇಲಿನ ಹಲಗೆಗಳ ಮೇಲೆ ಪಂಜರಗಳು. ಪ್ರತಿ ಪಂಜರದ ಒಂದು ಮಗ್ಗುಲಿಗೆ ಅಂಗಿಯ ತೋಳಿನ ಹಾಗೆ ಹೊಲಿದ ಬಟ್ಟೆಯ ಕೊಳವೆ. ಅದರೊಳಗೆ ಕೈ ತೂರಿಸಿ ಅಲುಗದೆ ಕೂರಬೇಕು. ಗಂಡು ಸೊಳ್ಳೆಗಳು ಸಾಧುಗಳು, ಹತ್ತಿಯಲ್ಲಿ ನೆನೆಸಿಟ್ಟ ಸಕ್ಕರೆ ನೀರು ಕುಡಿದುಕೊಂಡು ಇರುತ್ತವೆ. ಹೆಣ್ಣುಗಳು ಬಂದು ಸಾಲಾಗಿ ಕೂತು, ಹೊಟ್ಟೆ ದಾಳಿಂಬೆ ಕಾಳಿನಂತೆ ಕೆಂಪಾಗುವ ತನಕ ಹೀರಿ, ಭಾರಕ್ಕೆ ಹಾರಲಾರದೆ ಕೆಳಕ್ಕೆ ಉದುರುತ್ತವೆ. ರೋಗದ ಸೊಳ್ಳೆಗಳಲ್ಲ ಅವು; ಅಲ್ಲೇ ಹುಟ್ಟಿ ಅಲ್ಲೇ ಸಾಯುವ, ಹೊರಗಿನ ಗಾಳಿ ಕಾಣದ ಮನೆಮಕ್ಕಳು. ಆದರೂ ಕಚ್ಚಿದ್ದು ಕಚ್ಚಿದ್ದೇ. ತುರಿಸಿಕೊಳ್ಳುವಂತಿಲ್ಲ, ಸೋಪು ಹಚ್ಚುವಂತಿಲ್ಲ, ಬಳೆ ಹಾಕುವಂತಿಲ್ಲ. ಹೊಡೆಯುವಂತಂತೂ ಇಲ್ಲವೇ ಇಲ್ಲ.

ಹೊಡೆಯದ ಅಭ್ಯಾಸ ಕೊನೆಗೆ ಮನೆಗೂ ಬಂತು. ಸಂಜೆ ಜಗಲಿಯಲ್ಲಿ ಕೂತಾಗ ಸೊಳ್ಳೆ ಬಂದು ತೋಳ ಮೇಲೆ ಕೂತರೆ ಆಕೆ ನೋಡುತ್ತ ಸುಮ್ಮನಿರುವಳು. ಪಕ್ಕದಲ್ಲಿ ಕೂತ ಅತ್ತೆಗೆ ಮೈಯುರಿದು ಹೋಗುತ್ತಿತ್ತು. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಆಫೀಸಿನಲ್ಲಿ ಕೂತು ಕರೆಗಳನ್ನು ಜೋಡಿಸಿಕೊಡುತ್ತಿದ್ದವರು. ನಿವೃತ್ತಿಯಾಗಿ ವರ್ಷಗಳಾದರೂ ಗಂಟಲು ಮಾತ್ರ ಇನ್ನೂ ದೂರದೂರಿಗೆ ಮಾತಾಡುವ ಗಂಟಲೇ.

"ಹೊಡಿಯೇ ಅದನ್ನ! ಅಳಿಯನಿಗೆ ಬಡಿಸೋ ಹಾಗೆ ಕೂತಿದೀಯಲ್ಲ!"

"ಕುಡಿದು ಹೋಗುತ್ತೆ ಬಿಡಿ ಅತ್ತೆ."

"ಹೋಗಲ್ಲ. ಹೋಗಿ ಅದರ ಅಕ್ಕತಂಗೀರನ್ನೂ ಕರ್ಕೊಂಡು ಬರುತ್ತೆ. ನನ್ನ ಹತ್ರ ಯಾಕೆ ಬರಲ್ಲ ಹೇಳು? ನನ್ನ ಏಟು ಗೊತ್ತು ಅವಕ್ಕೆ."

ನಗೆಯಾಡಲು ಹೇಳಿದ ಮಾತು. ಆದರೆ ಸೊಳ್ಳೆಯಕ್ಕ ನಗಲಿಲ್ಲ. ಹೌದಲ್ಲ, ಏಟು ತಪ್ಪಿಸಿಕೊಂಡು ಹಾರಿದ ಸೊಳ್ಳೆ ಆ ತೋಳನ್ನು ನೆನಪಿಟ್ಟುಕೊಳ್ಳುತ್ತದೆಯೇ? ಅರ್ಧ ಊಟದಲ್ಲಿ ಎಬ್ಬಿಸಿದರೆ ಎಬ್ಬಿಸಿದವರ ಬಳಿಗೇ ಮರಳುತ್ತದೋ, ಪಕ್ಕದವರನ್ನು ಹುಡುಕುತ್ತದೋ? ಆ ರಾತ್ರಿ ಊಟಕ್ಕೆ ಕೂತಾಗಲೂ ಆಕೆ ತಟ್ಟೆಯಂಚಿನಲ್ಲಿ ಬೆರಳಿನಿಂದ ಎರಡು ದಾರಿ ಗೀಚುತ್ತಿದ್ದಳು.

ಆಕೆಯ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಾತು ಕಮ್ಮಿ. ಹೆಂಡತಿ ಗೀಚಿದ್ದನ್ನು ನೋಡಿ, "ಎಷ್ಟು ಉದ್ದ ಬೇಕು?" ಅಂದ. ಅಷ್ಟೇ. ಒಂದು ವಾರದಲ್ಲಿ ಎರಡು ಬಾಯಿಯ ಗಾಜಿನ ಪೆಟ್ಟಿಗೆ ಕೈಗೆ ಬಂತು. ಒಂದು ಬಾಯಿಗೆ ಆಕೆಯ ತೋಳು, ಇನ್ನೊಂದಕ್ಕೆ ಅತ್ತೆಯ ತೋಳು. ಮೊದಲು ಆಕೆ ಸೊಳ್ಳೆಗೆ ಅರ್ಧ ಕುಡಿಯಲು ಬಿಟ್ಟು ಬೆರಳಿನಿಂದ ಫಟ್ಟನೆ ತಟ್ಟಿ ಎಬ್ಬಿಸುವಳು. ಆಮೇಲೆ ಪೆಟ್ಟಿಗೆಗೆ ಬಿಡುವಳು. ಎಬ್ಬಿಸಿದ ಸೊಳ್ಳೆಗಳಲ್ಲಿ ಬಹುಪಾಲು ಆ ದಿನ ಆಕೆಯ ಕಡೆ ಸುಳಿಯದೆ ನೇರವಾಗಿ ಅತ್ತೆಯ ತೋಳಿಗೆ ಹೋಗುತ್ತಿದ್ದವು.

"ಇದ್ಯಾವ ನ್ಯಾಯವೇ? ಹೊಡೆದದ್ದು ನೀನು, ಕಚ್ಚಿಸ್ಕೊಳ್ಳೋದು ನಾನು?"

"ಅದೇ ಅತ್ತೆ ನಮ್ಮ ಸಂಶೋಧನೆ!"

ಹೀಗೆ ಆ ಮನೆಯ ಜಗಲಿಯಲ್ಲಿ ಹುಟ್ಟಿದ ಪ್ರಶ್ನೆ ಸೊಳ್ಳೆಮನೆಯಲ್ಲಿ ಬೆಳೆಯಿತು. ಒಂದೆರಡು ತಿಂಗಳ ಆಟವಲ್ಲ, ವರ್ಷಗಳು ಹಿಡಿದವು. ವಾಸನೆಯೋ, ಬಿಸಿಯೋ, ಬೆವರೋ ಅಂತ ಒಂದೊಂದನ್ನೇ ಬೇರೆ ಮಾಡಿ ನೋಡಬೇಕಿತ್ತು. ಮಧ್ಯೆ ಒಂದು ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟು ಅರ್ಧ ಸಂಸಾರವೇ ಸತ್ತುಹೋಯಿತು. ಮತ್ತೆ ಮೊಟ್ಟೆಯಿಂದ ಶುರು. ಆಕೆಗೆ ವಯಸ್ಸು ನಲವತ್ತರ ಹತ್ತಿರ. ಮಗಳು ಹುಟ್ಟಿದಾಗ ಓದು ಬಿಟ್ಟು, ತಿರುಗಿ ಸೇರಿಕೊಂಡವಳು. ಕೆಲಸ ಗುತ್ತಿಗೆಯದು, ವರ್ಷವರ್ಷಕ್ಕೆ ಸಹಿ ಬೀಳಬೇಕು. ಪಿಎಚ್.ಡಿ. ಪ್ರಬಂಧ ಬರೆದಿಟ್ಟಾಗಿತ್ತು. ಆದರೆ ಅಲ್ಲಿಯ ನಿಯಮ ಹೀಗಿತ್ತು: ಒಂದಾದರೂ ಲೇಖನದಲ್ಲಿ ಮೊದಲ ಹೆಸರು ನಿನ್ನದಿರಬೇಕು, ಇಲ್ಲದಿದ್ದರೆ ಪ್ರಬಂಧ ಒಳಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೂ ಗಡುವಿತ್ತು. ವರ್ಷದ ಕೊನೆ ದಾಟಿದರೆ ಇಷ್ಟು ದಿನದ ನೋಂದಣಿ ನೀರಿಗೆ ಬಿದ್ದ ಉಪ್ಪು.

ಈಗ ಹೆಸರಿನ ಕಥೆಗೆ ಬರೋಣ.

ಆ ಕೇಂದ್ರದ ವಿಭಾಗಕ್ಕೆ ಯಜಮಾನರೊಬ್ಬರಿದ್ದರು. ಎದುರಿಗೆ ಎಲ್ಲರೂ ಅವರನ್ನು ಸಾರ್ ಅನ್ನುವರು, ಹಿಂದಿನಿಂದ ದೊಡ್ಡವರು. ಅವರ ಕಾಲದಲ್ಲಿ ಒಂದು ಪದ್ಧತಿ ಬೇರು ಬಿಟ್ಟಿತ್ತು. ಲೇಖನ ಯಾರೇ ಬರೆಯಲಿ, ಯಾರ ಯಂತ್ರ ಮುಟ್ಟಿದರೋ ಅವರ ಹೆಸರು, ಯಾರ ಫ್ರಿಜ್ಜಿನಲ್ಲಿ ಬಾಟಲಿ ಇಟ್ಟರೋ ಅವರ ಹೆಸರು, ಯಾರು ಕರಡು ಓದಿ ಎರಡು ಕಾಮಾ ಹಾಕಿದರೋ ಅವರ ಹೆಸರು, ಎಲ್ಲರದ್ದೂ ಲೇಖಕರ ಸಾಲಿಗೆ ಸೇರಬೇಕು. ಮದುವೆ ಊಟದ ಪಂಕ್ತಿಯ ಹಾಗೆ, ಕರೆದವರೂ ಕೂರುವರು, ಕರೆಯದವರೂ ಕೂರುವರು. ಆಳೆತ್ತರದ ಫ್ರಿಜ್ಜಿನ ಬೀಗದಕೈ ಇಟ್ಟುಕೊಂಡಿದ್ದವರಿಗೆ ಫ್ರಿಜ್ ಸಾರ್ ಅಂತಲೇ ಹೆಸರು ಬಿದ್ದಿತ್ತು. ಮೇಲೆ ಹೇಳಿದ ಕಾಮಾ ಹಾಕುತ್ತಿದ್ದವರು ಕಾಮಾ ಮೇಡಂ. ಇವರಿಬ್ಬರೂ ತಾವು ಓದದ ಎಷ್ಟೋ ಲೇಖನಗಳನ್ನು ಬರೆದವರು. ಲೇಖನ ಅಚ್ಚು ಹಾಕುವ ವಿಜ್ಞಾನ ಪತ್ರಿಕೆಯವರು 'ನೀವು ಇದಕ್ಕೆ ಒಪ್ಪಿದ್ದೀರಾ?' ಅಂತ ಪ್ರತಿ ಲೇಖಕರಿಗೂ ಮೇಲ್ ಕಳಿಸುತ್ತಾರೆ. ಆ ಮೇಲ್‌ಗಳೆಲ್ಲ ವಿಭಾಗದ ಆಫೀಸಿಗೇ ಬರುತ್ತಿದ್ದವು; ಅಲ್ಲೇ ಎಲ್ಲರ ಪರವಾಗಿ 'ಹೌದು' ಒತ್ತುತ್ತಿದ್ದರು. ಯಾರೂ ಎಂದೂ ಬೇಡ ಅಂದವರಿಲ್ಲ. ಬಿಟ್ಟಿ ಬಂದ ಹೆಸರನ್ನು ಯಾರು ಬೇಡ ಅಂತಾರೆ?

ಸೊಳ್ಳೆಯಕ್ಕ ತಾನೇ ಕೂತು ಲೇಖನ ಬರೆದಳು. ಹೆಸರುಗಳನ್ನೂ ಪದ್ಧತಿಯಂತೆ ಹಾಕಿದಳು, ಹಲ್ಲು ಕಚ್ಚಿಕೊಂಡು. ಪಂಕ್ತಿ ಉದ್ದವಾದರೂ ಮೊದಲ ಎಲೆ ತನ್ನದಲ್ಲವೇ, ಉಳಿದವರು ಎಲ್ಲಾದರೂ ಕೂರಲಿ ಅನ್ನುವ ಸಮಾಧಾನ. ಪ್ರಯೋಗದ ವಿವರ ಬರೆಯುವಾಗ, ಸೊಳ್ಳೆಗಳನ್ನು ಸಾಕಿದ್ದು ಹೇಗೆ ಅನ್ನುವ ಕಡೆ, ಒಂದು ವಾಕ್ಯ ಬರೆದಳು: 'ಈ ಸೊಳ್ಳೆಗಳಿಗೆ ತಲೆಮಾರುಗಳಿಂದ ಮೊದಲ ಲೇಖಕರ ಎಡತೋಳಿನ ಮೇಲೆಯೇ ಊಟ ಕೊಡಲಾಗಿದೆ.' ಬರೆದು, ತೋಳು ನೋಡಿಕೊಂಡು, ಒಬ್ಬಳೇ ನಕ್ಕಳು. ಕರಡನ್ನು ದೊಡ್ಡವರಿಗೆ ಕೊಟ್ಟಳು. ನೋಡಿ ಕಳಿಸ್ತೀನಿ ಅಂದರು ಅವರು. ಕಳಿಸಿದರು.

ತಿಂಗಳುಗಳು ಕಳೆದ ಮೇಲೆ ಪತ್ರಿಕೆಯಿಂದ ಉತ್ತರ ಬಂತು. ಲೇಖನ ಓದಿ ತಪ್ಪುಒಪ್ಪು ಹೇಳುವ ಪರಿಶೀಲಕರು ಮೆಚ್ಚಿದ್ದರು. ಕೆಲವು ಪ್ರಶ್ನೆ ಕೇಳಿದ್ದರು. ಉತ್ತರ ಕೊಡಬಲ್ಲವಳು ಭೂಮಿ ಮೇಲೆ ಒಬ್ಬಳೇ ಇದ್ದದ್ದರಿಂದ ದೊಡ್ಡವರು ಅದನ್ನು ಆಕೆಗೆ ದಾಟಿಸಿ, 'ಬೇಗ ಉತ್ತರ ಬರೆದುಕೊಡು' ಅಂದರು. ಆಗ, ದೊಡ್ಡವರು ಪತ್ರಿಕೆಗೆ ಕಳಿಸಿದ್ದ ಪ್ರತಿಯ ಮೊದಲ ಪುಟವನ್ನು ಆಕೆ ನೋಡಿದಳು.

ಹನ್ನೊಂದು ಹೆಸರುಗಳು. ಮೊದಲನೆಯದು ಅಳಿಯ. ಆಕೆಯದು ಏಳನೆಯದು. ಫ್ರಿಜ್ ಸಾರ್ ಐದು, ಕಾಮಾ ಮೇಡಂ ಆರು.

ಅಳಿಯ ಅಂದರೆ ದೊಡ್ಡವರ ಅಳಿಯ. ಅವರ ಮಗಳ ಗಂಡ. ಹಿಂದಿನ ವರ್ಷವಷ್ಟೇ ವಿಭಾಗಕ್ಕೆ ಸೇರಿದ್ದ. ಕೆಟ್ಟವನಲ್ಲ ಪಾಪ, ಮೆತ್ತಗೆ ಮಾತಾಡುವವನು. ಆದರೆ ಸೊಳ್ಳೆ ಕಚ್ಚಿದರೆ ಅವನ ಮೈ ಪೂರಿಯ ಹಾಗೆ ಉಬ್ಬುತ್ತಿತ್ತು. ಸೆಕೆಯಲ್ಲೂ ಮಣಿಕಟ್ಟಿನ ತನಕ ಗುಂಡಿ ಹಾಕಿಕೊಂಡು, ಕತ್ತಿಗೆ ಮುಲಾಮು ಬಳಿದುಕೊಂಡು ಓಡಾಡುವವನು. ಸೊಳ್ಳೆಮನೆಯ ಬಾಗಿಲಲ್ಲೇ ನಿಂತು, "ಅಕ್ಕಾ, ಆ ಅಂಕಿ ಇಲ್ಲಿಂದಲೇ ಹೇಳ್ತೀರಾ?" ಅನ್ನುವವನು. ಲೇಖನಕ್ಕೆ ಎರಡು ಚಿತ್ರ ಅಂದವಾಗಿ ಬರೆದುಕೊಟ್ಟಿದ್ದ. ಅಷ್ಟು.

ಆ ಸಂಜೆ ಜಗಲಿಯಲ್ಲಿ ಕೂತಾಗ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿರಲಿಲ್ಲ. ಸೊಳ್ಳೆಯೊಂದು ಬಂದು ಎಡತೋಳ ಮೇಲೆ ಕೂತಿತು. ಟಪ್ ಅಂತ ಸದ್ದಾಯಿತು. ಅಂಗೈಯಲ್ಲಿ ರಕ್ತ. ಅತ್ತೆ ತಿರುಗಿ ನೋಡಿದರು.

"ಏನಾಯ್ತೇ? ನೀನು ಸೊಳ್ಳೆ ಹೊಡೆದು ಸಾಯಿಸಿದ್ದು ಇವತ್ತೇ ನೋಡಿದ್ದು ನಾನು."

ಆಕೆ ಹೇಳಿದಳು. ಅತ್ತೆಗೆ ಹೆಸರಿನ ಸಾಲಿನ ಗುಟ್ಟು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಏಳನೇದಾದ್ರೆ ಏನೀಗ? ಹೆಸರಂತೂ ಇದೆಯಲ್ಲ?"

"ಇಲ್ಲ ಅತ್ತೆ. ಆ ಪೇಪರನ್ನ ಯಾರಾದ್ರೂ ಮುಂದೆ ಎತ್ತಿ ಹೇಳಬೇಕಾದ್ರೆ ಮೊದಲನೇ ಹೆಸರು ಮಾತ್ರ ಹೇಳ್ತಾರೆ. ಇಂಥವರು ಮತ್ತು ಇತರರು ಅಂತ."

"ಮತ್ತು ಇತರರು ಅಂದ್ರೆ ಯಾರು?"

"ನಾನು."

ಅತ್ತೆ ಎದ್ದೇ ನಿಂತರು. ಆಮೇಲೆ ಶುರುವಾಯಿತು ನೋಡಿ. "ಥೂ ಅವನ ಬಾಳಿಗೆ! ಇರುವೆ ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರ್ಕೊಂಡ ಹಾಗೆ! ಕೈ ಕೆಸರು ಮಾಡ್ಕೊಂಡವಳು ನೀನು, ಬಾಯಿ ಮೊಸರು ಮಾಡ್ಕೊಳ್ಳೋನು ಅವನಾ? ಸೊಳ್ಳೆಯಾದ್ರೂ ವಾಸಿ, ಹೊಟ್ಟೆ ತುಂಬಿದ ಮೇಲೆ ಬಿಡುತ್ತೆ! ಇವನಿಗೆ ತನ್ನ ಹೊಟ್ಟೆ ತುಂಬಿದ ಮೇಲೆ ಅಳಿಯನ ಹೊಟ್ಟೆ!" ಬೀದಿಯಾಚೆಯ ಮನೆಯವರು ಕಿಟಕಿ ತೆರೆದು ನೋಡಿದರು. ಅತ್ತೆಯ ಗಂಟಲು ಹಾಗೆ.

ಗಂಡ ಒಳಗಿನಿಂದ ಬಂದು, ಹೆಂಡತಿ ಕೈಯಲ್ಲಿದ್ದ ಕಾಗದಗಳನ್ನು ತೆಗೆದುಕೊಂಡು, ಕನ್ನಡಕ ಏರಿಸಿ ನಿಧಾನವಾಗಿ ಓದಿದ. ಪರಿಶೀಲಕರ ಪ್ರಶ್ನೆಗಳ ಹತ್ತಿರ ಬೆರಳು ನಿಂತಿತು.

"ಇಲ್ಲೇನೋ ತೋಳಿನ ವಿಷಯ ಕೇಳಿದಾರೆ, ನೋಡಿದೀಯಾ?"

ಆಕೆ ಹೆಸರು ನೋಡಿ ಅಲ್ಲೇ ನಿಂತುಬಿಟ್ಟಿದ್ದಳು, ಪ್ರಶ್ನೆಗಳನ್ನು ಓದಿರಲಿಲ್ಲ. ಈಗ ಓದಿದಳು. ಪರಿಶೀಲಕರು ಕೇಳಿದ್ದು ಇದು: ಸೊಳ್ಳೆಗಳೆಲ್ಲ ಮೊದಲ ಲೇಖಕರ ತೋಳಿನ ಮೇಲೆ ಬೆಳೆದವು ಎಂದಿದ್ದೀರಿ. ಹಾಗಾದರೆ ಅವಕ್ಕೆ ಆ ತೋಳಿನ ರೂಢಿ ಇರಬಹುದು. ಮೊದಲ ಲೇಖಕರ ತೋಳಿನ ಜೊತೆಗೆ ಇನ್ನೂ ಕೆಲವರ ತೋಳುಗಳನ್ನಿಟ್ಟು ಪ್ರಯೋಗ ಮತ್ತೆ ಮಾಡಿ ತೋರಿಸಿ. ಹಾಗೆಯೇ ತೋಳು ಕೊಟ್ಟವರ ಒಪ್ಪಿಗೆ ಪತ್ರವನ್ನೂ ಕಳಿಸಿ.

ದೊಡ್ಡವರು ಹೆಸರುಗಳ ಸಾಲನ್ನು ಕಲಸಿದ್ದರು. ಒಳಗಿನ ಆ ವಾಕ್ಯವನ್ನು ಮುಟ್ಟಿರಲಿಲ್ಲ. ಓದಿದ್ದರೆ ತಾನೇ ಮುಟ್ಟಲು? ಹನ್ನೊಂದು ಮಂದಿ ಲೇಖಕರಲ್ಲಿ ಆಕೆಯೊಬ್ಬಳನ್ನು ಬಿಟ್ಟು ಯಾರೂ ಲೇಖನವನ್ನು ಕೊನೆತನಕ ಓದಿರಲಿಲ್ಲ. ಕಾಮಾ ಮೇಡಂ ಕೂಡ ಈ ಸಲ ಕಾಮಾ ಹಾಕಿರಲಿಲ್ಲ. ಹಾಗಾಗಿ ಅಚ್ಚಿಗೆ ಹೊರಟ ಲೇಖನದ ಪ್ರಕಾರ, ಸೊಳ್ಳೆ ಹೆಸರು ಕೇಳಿದರೇ ಮೈ ಉಬ್ಬುವ ಅಳಿಯ ವರ್ಷಗಟ್ಟಲೆ ತನ್ನ ಎಡತೋಳಿನಲ್ಲಿ ಸಾವಿರಾರು ಸೊಳ್ಳೆ ಸಾಕಿದ್ದ.

ಮನೆಯವರೆಲ್ಲ ನಕ್ಕರು. ಆಕೆಯೂ ನಕ್ಕಳು. ನಕ್ಕು ಮುಗಿದ ಮೇಲೆ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನ ದೊಡ್ಡವರ ಕೋಣೆಗೆ ಹೋದಳು. ಅವರು ಕೂರಲು ಹೇಳಿದರು. ಆಕೆ ಕೂರಲಿಲ್ಲ.

"ಸಾರ್, ನನ್ನ ಹೆಸರು ಏಳನೇ ಜಾಗಕ್ಕೆ ಹೇಗೆ ಹೋಯ್ತು?"

"ಅದಾ? ನೋಡಮ್ಮಾ, ಅವನಿಗೆ ಮುಂದಿನ ತಿಂಗಳು ಒಂದು ಇಂಟರ್‌ವ್ಯೂ ಇದೆ. ಕಾಯಂ ಕೆಲಸ. ನಿಂದೇನು, ಮುಂದಿನ ಪೇಪರ್‌ನಲ್ಲಿ ಮೊದಲು ಹಾಕೋಣ."

"ಮುಂದಿನದು ಬರೋಷ್ಟರಲ್ಲಿ ನನ್ನ ಗಡುವು ಮುಗಿದಿರುತ್ತೆ ಸಾರ್. ನಿಮಗೂ ಗೊತ್ತು."

"ಒಂದು ಅರ್ಜಿ ಹಾಕು, ನಾನು ಮಾತಾಡ್ತೀನಿ. ಈ ವಿಭಾಗ ಒಂದು ಸಂಸಾರ ಇದ್ದ ಹಾಗೆ. ಒಬ್ಬರಿಗೊಬ್ಬರು ಬಿಟ್ಟುಕೊಡಬೇಕು."

"ಬಿಟ್ಟುಕೊಡೋಳು ನಾನೊಬ್ಬಳೇ ಆಗ್ಬಿಟ್ಟೆನಲ್ಲ ಸಾರ್ ಈ ಸಂಸಾರದಲ್ಲಿ."

ದೊಡ್ಡವರ ಮುಖ ಬಿಗಿಯಿತು. ಆದರೂ ದನಿ ಏರಿಸಲಿಲ್ಲ. ಏರಿಸದೆ ಮಾತಾಡುವುದರಲ್ಲಿ ಪಳಗಿದವರು. "ಇನ್ನೊಂದು ವಿಷಯ. ಆ ತೋಳಿನ ವಾಕ್ಯ. ಒಂದು ಸಣ್ಣ ತಪ್ಪಾಗಿದೆ. ಅದನ್ನ 'ಒಬ್ಬ ಸ್ವಯಂಸೇವಕಿಯ ತೋಳು' ಅಂತ ಬದಲಾಯಿಸೋಣ. ಒಪ್ಪಿಗೆ ಪತ್ರಕ್ಕೆ ನೀನು ಸಹಿ ಹಾಕು. ಆದ್ರೆ ಪ್ರಯೋಗಕ್ಕೆ ಮೈ ಕೊಟ್ಟವರು ಲೇಖಕರೂ ಆಗಿದ್ರೆ ನಾಳೆ ಯಾರಾದ್ರೂ ಆಕ್ಷೇಪ ಎತ್ತಬಹುದು. ಅದಕ್ಕೆ ನಿನ್ನ ಹೆಸರನ್ನ ಮೇಲಿಂದ ತೆಗೆದು ಕೊನೆಯಲ್ಲಿ, ಕೃತಜ್ಞತೆ ಹೇಳ್ತೀವಲ್ಲ, ಅಲ್ಲಿ ದಪ್ಪಕ್ಷರದಲ್ಲಿ ಹಾಕಿಸ್ತೀನಿ."

ಒಂದರಿಂದ ಏಳು. ಏಳರಿಂದ ಏನೂ ಇಲ್ಲ. ಆಕೆಗೆ ಕಿವಿಯಲ್ಲಿ ಗುಂಯ್ ಅಂತ ಕೇಳಿಸಿತು. ಸೊಳ್ಳೆಯ ಸದ್ದೋ ರಕ್ತದ ಸದ್ದೋ ತಿಳಿಯಲಿಲ್ಲ.

"ನಾಡಿದ್ದು ಸಭೆಯಲ್ಲಿ ಹೇಳ್ತೀನಿ ಸಾರ್," ಅಂದು ಹೊರಟಳು. ದೊಡ್ಡವರು ಅದನ್ನು ಒಪ್ಪಿಗೆ ಅಂದುಕೊಂಡರು. ಈ ತನಕ ಆಕೆ ಹೇಳಿದ್ದೆಲ್ಲ ಒಪ್ಪಿಗೆಯೇ ಆಗಿತ್ತಲ್ಲ.

ವಾರಕ್ಕೊಮ್ಮೆ ವಿಭಾಗದವರೆಲ್ಲ ಉದ್ದ ಮೇಜಿನ ಸುತ್ತ ಕೂತು ಚಹಾ ಕುಡಿಯುತ್ತ ಕೆಲಸದ ಮಾತಾಡುವುದು ರೂಢಿ. ಆ ದಿನ ಹನ್ನೊಂದು ಮಂದಿ ಲೇಖಕರಲ್ಲಿ ಬಹುಪಾಲು ಅಲ್ಲಿದ್ದರು. ಸೊಳ್ಳೆಯಕ್ಕ ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಕಂಕುಳಲ್ಲಿ ಒದ್ದೆಬಟ್ಟೆ ಹೊದಿಸಿದ ಏನೋ ಇತ್ತು. ಮೇಜಿನ ನಡುವೆ, ಬಿಸ್ಕತ್ತಿನ ತಟ್ಟೆ ಸರಿಸಿ, ಅದನ್ನಿಟ್ಟು ಬಟ್ಟೆ ಎಳೆದಳು. ಪಂಜರ. ಒಳಗೆ ಎರಡು ದಿನದಿಂದ ಹಸಿದ ಹೆಣ್ಣು ಸೊಳ್ಳೆಗಳು. ಜನರ ಉಸಿರು ಸೋಕಿದ್ದೇ ತಡ, ಇಡೀ ಹಿಂಡು ಬಲೆಗೆ ಬಂದು ಅಂಟಿಕೊಂಡಿತು. ಕುರ್ಚಿಗಳು ಕಿರ್ರನೆ ಹಿಂದೆ ಸರಿದವು.

"ಏನಿದು!" ಅಂದರು ದೊಡ್ಡವರು.

"ಪರಿಶೀಲಕರು ಮೊದಲ ಲೇಖಕರ ತೋಳು ಕೇಳಿದಾರೆ ಸಾರ್. ಬೇರೆಯವರ ತೋಳೂ ಕೇಳಿದಾರೆ. ಇವತ್ತೇ ಶುರು ಮಾಡೋಣ ಅಂತ ತಂದೆ. ಹೆಸರಿನ ಸಾಲಿನ ಪ್ರಕಾರವೇ ಬನ್ನಿ. ಮೊದಲನೆಯವರು ಯಾರು?" ಪಂಜರದ ಬಟ್ಟೆಯ ಕೊಳವೆಯ ಗಂಟು ಬಿಚ್ಚಿ, ಬಾಯನ್ನು ಮುಷ್ಟಿಯಲ್ಲಿ ಹಿಡಿದು ಅಳಿಯನ ಕಡೆ ಚಾಚಿದಳು.

ಅಳಿಯನ ಮುಖ ಬಿಳಿಚಿತು. "ಅಕ್ಕಾ, ನನಗೆ... ನಿಮಗೆ ಗೊತ್ತಲ್ಲ, ನನಗೆ ಆಗಲ್ಲ."

"ನನಗೆ ಗೊತ್ತಪ್ಪಾ. ಪೇಪರ್‌ಗೆ ಗೊತ್ತಿಲ್ಲ. ಪೇಪರ್‌ನಲ್ಲಿ ನೀನು ಇವಕ್ಕೆಲ್ಲ ಹೆತ್ತ ತಾಯಿ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿನಲ್ಲಿ ಮುಚ್ಚಿದರು. ಆಕೆ ಪಂಜರ ತಿರುಗಿಸಿದಳು. "ಸರಿ, ಮೊದಲನೆಯವರಿಗೆ ಆಗಲ್ಲ. ಫ್ರಿಜ್ ಸಾರ್, ನೀವು ಐದನೆಯವರು, ನನಗಿಂತ ಹಿರಿಯ ಲೇಖಕರು. ತೋಳು ಕೊಡಿ."

"ಏ, ನಾನು ಬರೀ ಫ್ರಿಜ್ ಕೊಟ್ಟಿದ್ದಮ್ಮಾ!"

"ಸೊಳ್ಳೆ ಯಾವತ್ತೂ ಫ್ರಿಜ್ಜಿನಲ್ಲಿ ಇರ್ಲಿಲ್ಲ ಸಾರ್. ಫ್ರಿಜ್ಜಿನಲ್ಲಿದ್ದದ್ದು ನನ್ನ ಮಜ್ಜಿಗೆ ಬಾಟ್ಲಿ. ಮೇಡಂ, ನೀವು?"

ಕಾಮಾ ಮೇಡಂ ಸೆರಗು ಎಳೆದು ಎರಡು ತೋಳನ್ನೂ ಮುಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಮೇಜಿನ ಸುತ್ತ ಎಲ್ಲರೂ ತೋಳು ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಸಾಕು ನಾಟಕ!" ದೊಡ್ಡವರು ಮೇಜು ಗುದ್ದಿದರು. "ತೋಳು ಕೊಟ್ಟ ಮಾತ್ರಕ್ಕೆ ಲೇಖಕಿ ಆಗಿಬಿಡ್ತೀಯಾ ನೀನು? ಹಾಗಾದ್ರೆ ಮೊಲ, ಇಲಿ ಎಲ್ಲದರ ಹೆಸರೂ ಹಾಕಬೇಕಾಗುತ್ತೆ!"

"ಸರಿಯಾಗಿ ಹೇಳಿದ್ರಿ ಸಾರ್." ಆಕೆ ಕೊಳವೆಯ ಬಾಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ತೋಳು ಕೊಟ್ಟವರು ಲೇಖಕರಾಗಲ್ಲ. ನಮ್ಮತ್ತೆ ಇಡೀ ಪ್ರಯೋಗಕ್ಕೆ ತೋಳು ಕೊಟ್ರು, ಅವರ ಹೆಸರನ್ನ ನಾನು ಈ ಸಾಲಿಗೆ ಹಾಕಿಲ್ಲ, ಅವರೂ ಕೇಳಿಲ್ಲ. ನಮ್ಮೆಜಮಾನ್ರು ಪೆಟ್ಟಿಗೆ ಮಾಡ್ಕೊಟ್ರು, ಅವರ ಹೆಸರೂ ಇಲ್ಲ. ಪ್ರಶ್ನೆ ಕೇಳಿದವರು, ಹುಡುಕಿದವರು, ಬರೆದವರು, ತಪ್ಪಾದ್ರೆ ನಾನೇ ಹೊಣೆ ಅನ್ನೋರು, ಅವರು ಲೇಖಕರು. ಇಲ್ಲಿ ಯಾರಾದ್ರೂ ಇದೀರಾ ಹಾಗೆ? ಈ ಪೇಪರ್‌ನಲ್ಲಿ ಏನಿದೆ ಅಂತ ಒಂದು ಮಾತು ಹೇಳಿ ನೋಡೋಣ. ಏಟು ತಿಂದ ಸೊಳ್ಳೆ ಏನು ಮಾಡುತ್ತೆ? ಹೇಳಿ! ಹನ್ನೊಂದು ಜನ ಬರೆದಿದೀವಲ್ಲ!"

ಒಬ್ಬೊಬ್ಬರೂ ತಮ್ಮ ತಮ್ಮ ಲೋಟದೊಳಗೆ ಇಣುಕಿದರು. ಚಹಾ ಆರುತ್ತಿತ್ತು. ಲೆಕ್ಕಾಚಾರದಲ್ಲಿ ನಿಜವಾಗಿ ಕೈಜೋಡಿಸಿದ್ದ ಗೆಳತಿಯೊಬ್ಬಳು ಬಾಯಿ ತೆರೆದಳು. ಸೊಳ್ಳೆಯಕ್ಕ ಕಣ್ಣಲ್ಲೇ, 'ನೀನಲ್ಲ, ನೀನು ಸುಮ್ಮನಿರು' ಅಂದಳು.

"ಏಟು ತಿಂದ ಸೊಳ್ಳೆ ಆ ತೋಳಿಗೆ ಮತ್ತೆ ಬರಲ್ಲ. ಇಷ್ಟು ಕಂಡುಹಿಡಿಯೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. ಕಂಡುಹಿಡಿದ ಮೇಲೂ ನಾನು ಹೊಡೆದಿರ್ಲಿಲ್ಲ, ನೋಡಿ. ಅದು ನನ್ನ ದಡ್ಡತನ." ಕೊಳವೆಗೆ ಗಂಟು ಹಾಕಿದಳು. "ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಲ್ಲ. ಮೊದಲ ಲೇಖಕಿಯಾಗಿ ಹಾಕ್ತೀನಿ, ಸ್ವಯಂಸೇವಕಿಯಾಗಿ ಹಾಕಲ್ಲ. ಪತ್ರಿಕೆಯವರಿಗೂ ಇವತ್ತು ಬರೆದಿದೀನಿ, ಈ ಹೆಸರಿನ ಸಾಲಿಗೆ ನನ್ನ ಒಪ್ಪಿಗೆ ಇಲ್ಲ, ಯಾರೂ ನನ್ನ ಕೇಳಿಲ್ಲ ಅಂತ."

ಆಕೆ ಪಂಜರ ಎತ್ತಿಕೊಂಡು ಹೊರಟಾಗ ಅಳಿಯ ಬಾಗಿಲ ತನಕ ಹಿಂದೆಯೇ ಬಂದ. "ಅಕ್ಕಾ, ನಿಜವಾಗ್ಲೂ ನಾನು ಕೇಳಿರ್ಲಿಲ್ಲ. ಮಾವನೇ ಹಾಕಿದ್ದು."

"ಕೇಳಿರ್ಲಿಲ್ಲ, ಸರಿ. ಬೇಡ ಅಂತಲೂ ಅಂದಿರ್ಲಿಲ್ಲವಲ್ಲ?"

ಆಕೆ ಸೊಳ್ಳೆಮನೆಗೆ ನಡೆದಳು. ಪಾಪದ ಸೊಳ್ಳೆಗಳು ಹಸಿದಿದ್ದವು, ಅವುಗಳದ್ದೇನು ತಪ್ಪು? ಕೂತು ತೋಳು ಕೊಟ್ಟಳು. ಕಚ್ಚಿಸಿಕೊಳ್ಳುತ್ತ ಅತ್ತಳು. ಸಿಟ್ಟಿನ ಅಳು, ತಡೆಯುವುದಕ್ಕೆ ಬರುವುದಿಲ್ಲ.

ಒಂದು 'ಇಲ್ಲ' ಸಾಕಾಯಿತು. ಲೇಖಕರಲ್ಲಿ ಒಬ್ಬರು ಒಪ್ಪದಿದ್ದರೂ ಲೇಖನ ಮುಂದಕ್ಕೆ ಹೋಗುವುದಿಲ್ಲ, ನಿಮ್ಮ ಜಗಳ ನೀವೇ ಬಗೆಹರಿಸಿಕೊಳ್ಳಿ, ಆಮೇಲೆ ಪ್ರತಿಯೊಬ್ಬರೂ ತಾವು ಮಾಡಿದ್ದೇನು ಅಂತ ಸ್ವತಃ ಬರೆದು ಕಳಿಸಿ ಎಂದರು ಪತ್ರಿಕೆಯವರು. ದೊಡ್ಡವರು ಕರೆಸಿ ಗದರಿಸಿದರು. ಹಾಗಾದರೆ ಪೇಪರೇ ಬೇಡ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದರು. "ತಗೊಳ್ಳಿ ಸಾರ್. ಇಬ್ಬರೂ ಉಪವಾಸ ಇರೋಣ," ಅಂದಳು ಆಕೆ. ಗಡುವು ಹತ್ತಿರ ಬರುತ್ತಿತ್ತು. ಕಾರಿಡಾರಿನಲ್ಲಿ ಜನ ಎದುರಾದರೆ ಗೋಡೆಯ ನೋಟಿಸು ಓದುವವರ ಹಾಗೆ ನಿಲ್ಲುತ್ತಿದ್ದರು. 'ಹೆಸರಿಗಾಗಿ ಸಾಯ್ತಾಳೆ' ಅಂತ ಬೆನ್ನ ಹಿಂದೆ ಮಾತು. ಹೆಸರು ಕದ್ದವರಿಗೆ ಹೆಸರಿನಾಸೆಯಿಲ್ಲ, ಕಳಕೊಂಡವಳಿಗೆ ಆಸೆಯಂತೆ!

ಆದರೆ 'ನೀವು ಮಾಡಿದ್ದೇನು' ಅನ್ನುವ ಪ್ರಶ್ನೆ ಬಂದದ್ದೇ ಬಂದದ್ದು, ಪಂಕ್ತಿಯಲ್ಲಿ ಕೂತವರು ಒಬ್ಬೊಬ್ಬರೇ ಎದ್ದರು. ತೋಳಿನ ಕಥೆ ಊರೆಲ್ಲ ಹರಡಿ, ಬೇರೆ ವಿಭಾಗದವರೂ ನಗಲು ಶುರುಮಾಡಿದ್ದರು. ಫ್ರಿಜ್ ಸಾರ್ ಮೊದಲಿಗರು. ನನ್ನ ಹೆಸರು ಬೇಡ ಅಂತ ಬರೆದು ಕಳಿಸಿದರು. ಕಾಮಾ ಮೇಡಂ ಸೊಳ್ಳೆಮನೆಯ ಬಾಗಿಲಿಗೆ ಬಂದು, "ನಂಗೆ ಯಾರೂ ಹೇಳೇ ಇರ್ಲಿಲ್ಲ ಕಣೇ," ಅಂದರು. "ಬಾಗಿಲು ಹಾಕ್ಕೊಳ್ಳಿ ಮೇಡಂ, ಸೊಳ್ಳೆ ಹೊರಗೆ ಬರುತ್ತೆ," ಅಂದಳು ಆಕೆ. ಹೊರಗೆ ನಿಂತೇ ಹಾಕಿಕೊಂಡು ಹೋದರು.

ಪರಿಶೀಲಕರು ಕೇಳಿದ್ದನ್ನೂ ಬಿಡುವಂತಿರಲಿಲ್ಲ. ಅವರ ಅನುಮಾನ ನ್ಯಾಯವಾದದ್ದೇ. ಆಕೆ ಗಂಡನನ್ನು, ಗೆಳತಿಯನ್ನು, ಬೀದಿಯಾಚೆಯ ಮನೆಯವರನ್ನು ತೋಳು ಕೊಡಲು ಒಪ್ಪಿಸಿ, ಪತ್ರಕ್ಕೆ ಸಹಿ ಹಾಕಿಸಿ, ಪ್ರಯೋಗ ಮತ್ತೆ ಮಾಡಿದಳು. ಫಲಿತಾಂಶ ಮೊದಲಿನಷ್ಟು ಖಡಕ್ಕಾಗಿ ಬರಲಿಲ್ಲ. ಬಂತು, ಆದರೆ ಕೊಂಚ ಮೆತ್ತಗೆ. ಅದನ್ನೂ ಹಾಗೇ ಬರೆದಳು.

ಪಂಕ್ತಿ ಖಾಲಿಯಾದ ಮೇಲೆ ದೊಡ್ಡವರೂ ಮಣಿಯಬೇಕಾಯಿತು; ಕೊನೆಗೆ ಲೇಖನ ನಾಲ್ಕು ಹೆಸರಿನೊಂದಿಗೆ ಹೊರಬಂತು. ಮೊದಲು ಆಕೆ. ಆಮೇಲೆ ಲೆಕ್ಕದ ಗೆಳತಿ. ಎರಡು ಚಿತ್ರಕ್ಕೆ ಅಳಿಯ. ಕೊನೆಯಲ್ಲಿ ದೊಡ್ಡವರು. ಗಡುವಿಗೆ ಕೆಲವೇ ದಿನ ಮುಂಚೆ ಪ್ರಬಂಧವೂ ಒಳಗೆ ಹೋಯಿತು. ಆಕೆ ಗೆದ್ದಳು ಅಂತ ಮಾತ್ರ ಯಾರೂ ಅನ್ನಬೇಡಿ. ಹೊಸ ವರ್ಷದ ಗುತ್ತಿಗೆಗೆ ಸಹಿ ಬೀಳಲಿಲ್ಲ. 'ಹಣದ ಕೊರತೆ' ಅಂದರು. ಅಳಿಯನಿಗೆ ಕಾಯಂ ಕೆಲಸ ಸಿಕ್ಕಿತು. ಅವನಿಗೆ ಮೊದಲ ಹೆಸರಿನ ಅಗತ್ಯ ಅಷ್ಟೇನೂ ಇರಲಿಲ್ಲವಂತೆ.

ಕೊನೆಯ ದಿನ ಆಕೆ ಬೀಗದಕೈ ಕೊಡಲು ಹೋದಾಗ ದೊಡ್ಡವರು ತಲೆ ಎತ್ತದೆ ಕೇಳಿದರು, "ಆ ಸೊಳ್ಳೆಗಳಿಗೆ ಏನು ಮಾಡೋದು? ನಾಳೆಯಿಂದ ಯಾರು ನೋಡ್ಕೊಳ್ತಾರೆ?"

"ನಿಮಗೆ ಎರಡು ತೋಳಿದೆಯಲ್ಲ ಸಾರ್," ಅಂದು, ಬೀಗದಕೈಯನ್ನು ಮೇಜಿನ ಮೇಲೆ ಬಡಿದಿಟ್ಟು ಬಂದಳು.

ಆ ಸಂಜೆ ಜಗಲಿಯಲ್ಲಿ ಗಂಡ ಲೇಖನವನ್ನು ತಾಯಿಗೆ ಓದಿ ತೋರಿಸುತ್ತಿದ್ದ. ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿ ಅತ್ತೆಯ ಹೆಸರಿತ್ತು, ತೋಳಿಗಾಗಿ ಮತ್ತು ಈ ಪ್ರಶ್ನೆಗೆ ಮೂಲವಾದ ಒಂದು ಮಾತಿಗಾಗಿ ಅಂತ. ಅತ್ತೆ ಕೇಳಿಸಿಕೊಂಡು, "ಇಷ್ಟು ವರ್ಷ ಊರಿಗೆಲ್ಲ ಫೋನು ಜೋಡಿಸಿದೆ, ಒಬ್ಬನೂ ನನ್ನ ಹೆಸರು ಕೇಳಿರ್ಲಿಲ್ಲ," ಅಂದು ಮೂಗು ಒರೆಸಿಕೊಂಡರು. ಆಮೇಲೆ ಕಾಗದವನ್ನು ತಾವೇ ಕಿತ್ತುಕೊಂಡು ಮೊದಲ ಪುಟಕ್ಕೆ ತಿರುಗಿಸಿದರು. ಬೆರಳು ಒಂದೊಂದೇ ಹೆಸರು ದಾಟಿತು.

"ಇದು ನೀನು. ಇದು ನಿನ್ನ ಗೆಳತಿ. ಇದು ಆ ಉಬ್ಬೋನು. ಈ ಕೊನೇದು ಯಾರು?"

"ದೊಡ್ಡವರು."

"ಅವನೇನು ಮಾಡಿದ?"

"ಏನೂ ಮಾಡಿಲ್ಲ ಅತ್ತೆ. ವಿಭಾಗದ ಯಜಮಾನರ ಹೆಸರು ಕೊನೆಯಲ್ಲಿ ಇರಲೇಬೇಕು. ಪದ್ಧತಿ."

"ಮತ್ತೆ ನೀನು ಅವನಿಗೂ ಪಂಜರ ಚಾಚಬೇಕಿತ್ತು!"

ಆ ದಿನ ಆಕೆ ಅಳಿಯನಿಗೂ ಫ್ರಿಜ್ ಸಾರ್‌ಗೂ ಕಾಮಾ ಮೇಡಂಗೂ ಚಾಚಿದ್ದಳು. ದೊಡ್ಡವರ ಮುಂದೆ ಮಾತ್ರ ಪಂಜರ ತಿರುಗಿಸಿರಲಿಲ್ಲ. ಅದು ಈಗ ಹೊಳೆಯಿತು. ಕೆಲಸ ಹೋದದ್ದಕ್ಕಿಂತ, ಏಳನೇ ಜಾಗಕ್ಕಿಂತ, ಅದೇ ಹೆಚ್ಚು ಉರಿಯಿತು. ಎಡತೋಳಿನ ಹಳೆಯ ಕಲೆಗಳನ್ನು ಬಲಗೈಯಿಂದ ಪರಪರನೆ ಕೆರೆದುಕೊಂಡಳು, ಇಷ್ಟು ವರ್ಷ ಕೆರೆದುಕೊಳ್ಳದೆ ಬಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ.